ಜ್ವರ ಎಷ್ಟನೇ ದಿನ?

ಪ್ರೀತಿಯ ಪುಟ್ಟಿ,

ದೊಡ್ಡಮ್ಮನ ಆಶೀರ್ವಾದ. ನಿನ್ನನ್ನು ವೈರಸ್ ಪರೀಕ್ಷೆಯ ವಿಭಾಗಕ್ಕೆ ಹಾಕಿದ್ದಾರೆ ಅಂತ ಓದಿ ಖುಷಿಯಾಯಿತು. ವೈರಸ್ಸಿನ ಆರ್‌ಎನ್‌ಎ, ಅಂದರೆ ಅದರ ವಂಶವಾಹಿ ಎಳೆಯನ್ನು ಹುಡುಕುವ ಪಿಸಿಆರ್ ಯಂತ್ರದ ಬಗ್ಗೆ ಉದ್ದಕ್ಕೆ ಬರೆದಿದ್ದೀಯ. ಸ್ಯಾಂಪಲ್ ಜೊತೆ ಬರುವ ಫಾರ್ಮ್ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ಅದಕ್ಕೇ ಈ ಪತ್ರ.

ಯಂತ್ರ ನಡೆಸೋದನ್ನು ಕಂಪನಿಯವರೇ ಬಂದು ಕಲಿಸುತ್ತಾರೆ. ಫಾರ್ಮ್ ಓದೋದನ್ನು ಯಾರೂ ಕಲಿಸುವುದಿಲ್ಲ. ಅದರಲ್ಲಿ 'ಜ್ವರ ಶುರುವಾದ ದಿನಾಂಕ' ಅಂತ ಒಂದು ಜಾಗ ಇರುತ್ತದೆ, ನೋಡು. ಬಹಳ ಸಲ ಅದು ಖಾಲಿ ಇರುತ್ತದೆ. ಇಲ್ಲದಿದ್ದರೆ ರಕ್ತ ತೆಗೆದ ದಿನವನ್ನೇ ಅಲ್ಲಿ ಬರೆದಿರುತ್ತಾರೆ. ಆ ಒಂದು ದಿನಾಂಕ ಇಲ್ಲದಿದ್ದರೆ ನಿನ್ನ ಫಲಿತಾಂಶಕ್ಕೆ ಅರ್ಧ ಅರ್ಥವೂ ಇರುವುದಿಲ್ಲ.

ಡೆಂಗಿಯನ್ನೇ ತಗೋ. ಜ್ವರದ ಮೊದಲ ನಾಲ್ಕೈದು ದಿನ ರಕ್ತದಲ್ಲಿ ವೈರಸ್ ಓಡಾಡುತ್ತಿರುತ್ತದೆ. ಆಗ ಪಿಸಿಆರ್ ಅಥವಾ ಎನ್‌ಎಸ್1 (ವೈರಸ್ಸಿನದೇ ಒಂದು ಪ್ರೋಟೀನ್ ಹುಡುಕುವ ಪರೀಕ್ಷೆ) ಮಾಡಿದರೆ ಸಿಗುತ್ತದೆ. ವೈರಸ್ ವಿರುದ್ಧ ದೇಹ ಮೊದಲು ತಯಾರಿಸುವ ಐಜಿಎಂ ಆಂಟಿಬಾಡಿ ಕಾಣಿಸಿಕೊಳ್ಳುವುದು ಸುಮಾರು ನಾಲ್ಕೈದನೇ ದಿನದ ನಂತರ. ಅಷ್ಟು ಹೊತ್ತಿಗೆ ವೈರಸ್ ರಕ್ತದಿಂದ ಜಾಗ ಖಾಲಿ ಮಾಡುತ್ತಾ ಬಂದಿರುತ್ತದೆ. ಈಗ ಎರಡನೇ ದಿನದ ರಕ್ತ ಕಳಿಸಿ, ಬರೀ ಐಜಿಎಂ ಕೇಳಿದರು ಅಂತಿಟ್ಟುಕೋ. ನೀನು ಎಲೈಸಾ ಪ್ಲೇಟ್, ಅಂದರೆ ಆಂಟಿಬಾಡಿ ಇದ್ದರೆ ಬಣ್ಣ ಬರುವ ಚಿಕ್ಕ ಗುಳಿಗಳ ತಟ್ಟೆ, ಹಾಕುತ್ತೀಯ. ಕೊನೆಯ ದ್ರಾವಣ ಹಾಕಿದಾಗ ಆಂಟಿಬಾಡಿ ಇದೆ ಅಂತ ಮೊದಲೇ ಗೊತ್ತಿರುವ ಪಾಸಿಟಿವ್ ಕಂಟ್ರೋಲ್ ಗುಳಿ ನೀಲಿಗೆ ತಿರುಗುತ್ತದೆ, ಆಸಿಡ್ ಬಿದ್ದ ಕೂಡಲೇ ಹಳದಿಯಾಗುತ್ತದೆ. ರೋಗಿಯ ಗುಳಿ ನೀರಿನ ಹಾಗೆ ತಿಳಿಯಾಗೇ ಉಳಿಯುತ್ತದೆ. ಪ್ಲೇಟ್ ಸರಿಯಾಗಿದೆ, ಕಿಟ್ ಸರಿಯಾಗಿದೆ, ನಿನ್ನ ಕೈಯೂ ಸರಿಯಾಗಿದೆ. 'ನೆಗೆಟಿವ್' ಅಂತ ವರದಿ ಹೋಗುತ್ತದೆ. ಡಾಕ್ಟರು ಡೆಂಗಿ ಅಲ್ಲ ಅಂತ ತಿಳಿಯುತ್ತಾರೆ. ಅದು ಡೆಂಗಿಯೇ ಆಗಿರಬಹುದು ಅಲ್ವಾ?

ಆದ್ದರಿಂದ ಸುಮ್ನೆ 'ನೆಗೆಟಿವ್' ಅಂತ ಬರೆದು ಕೈ ತೊಳೆದುಕೊಳ್ಳಬೇಡ. 'ಜ್ವರದ 2ನೇ ದಿನದ ಈ ಸ್ಯಾಂಪಲ್‌ನಲ್ಲಿ ಐಜಿಎಂ ಕಂಡುಬಂದಿಲ್ಲ, ಇದರಿಂದ ಡೆಂಗಿ ಇಲ್ಲ ಎನ್ನಲಾಗದು, ಎನ್‌ಎಸ್1 ಅಥವಾ ಪಿಸಿಆರ್ ಮಾಡಿಸಿ' ಅಂತ ಬರೆ. ಎರಡು ಸಾಲು ಜಾಸ್ತಿ ಆಗುತ್ತದೆ, ಆಗಲಿ. ದಿನಾಂಕ ಇಲ್ಲದ ಫಾರ್ಮ್ ಬಂದರೆ ಫೋನ್ ಮಾಡಿ ಕೇಳು. ಬೈದರೂ ಪರವಾಗಿಲ್ಲ, ಮುಂದಿನ ಸಲ ತುಂಬಿಸಿ ಕಳಿಸುತ್ತಾರೆ.

ಎರಡನೇ ಸಲ ಡೆಂಗಿ ಬಂದವರಲ್ಲಿ ಲೆಕ್ಕ ಇನ್ನೂ ಬೇರೆ. ಅವರಲ್ಲಿ ಐಜಿಜಿ ಅನ್ನುವ, ಬಹುಕಾಲ ಉಳಿಯುವ ಇನ್ನೊಂದು ಬಗೆಯ ಆಂಟಿಬಾಡಿ ಬೇಗನೆ, ಜೋರಾಗಿ ಏರುತ್ತದೆ. ಐಜಿಎಂ ಸ್ವಲ್ಪವೇ ಇರಬಹುದು, ಕೆಲವರಲ್ಲಿ ಕಾಣಿಸದೆಯೂ ಇರಬಹುದು. ಎನ್‌ಎಸ್1 ಕೂಡ ಇಂಥವರಲ್ಲಿ ತಪ್ಪಿಸಿಕೊಳ್ಳುವುದು ಜಾಸ್ತಿ. ಕಾಯಿಲೆ ಜೋರಾಗುವ ಸಂಭವ ಇರುವುದೂ ಇವರಲ್ಲೇ. ಇನ್ನೊಂದು ಮಾತು. ಡೆಂಗಿ ಪಾಸಿಟಿವ್ ಬಂತು ಅಂತ ಮಲೇರಿಯಾ ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಬಿಡಬಾರದು. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ, ಮಲೇರಿಯಾಕ್ಕೆ ಔಷಧಿ ಇದೆ.

ಪಾಸಿಟಿವ್ ಬಂದಾಗಲೂ ಸಂಶಯ ಇಟ್ಟುಕೋ. ಡೆಂಗಿ, ಜೀಕಾ, ವೆಸ್ಟ್ ನೈಲ್, ಹಳದಿ ಜ್ವರ, ಜಪಾನೀಸ್ ಮೆದುಳು ಜ್ವರ ಎಲ್ಲವೂ ಫ್ಲೇವಿವೈರಸ್ ಕುಟುಂಬದವು. ಉಣ್ಣೆ ಹುಳ ಕಚ್ಚಿ ಬರುವ ಮೆದುಳು ಜ್ವರ, ಟಿಕ್-ಬೋರ್ನ್ ಎನ್ಸೆಫಲೈಟಿಸ್ ಕೂಡ ಇದೇ ಮನೆಯದು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸೂ ಅಷ್ಟೇ. ಅಕ್ಕತಂಗಿಯರ ಮುಖದ ಹಾಗೆ ಇವುಗಳಲ್ಲಿ ಹೋಲಿಕೆ ಜಾಸ್ತಿ. ಒಂದರ ಮೇಲೆ ಹುಟ್ಟಿದ ಆಂಟಿಬಾಡಿ ಇನ್ನೊಂದರ ಕಿಟ್‌ನಲ್ಲೂ ಬಣ್ಣ ತೋರಿಸಬಹುದು. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡವರ ರಕ್ತವೂ ಗೊಂದಲ ಮಾಡಬಹುದು. ಫಾರ್ಮ್‌ನಲ್ಲಿ ಲಸಿಕೆ, ಪ್ರಯಾಣ, ಗರ್ಭಿಣಿ ಹೌದೋ ಅಲ್ಲವೋ ಅಂತ ಕೇಳುವುದು ಇದಕ್ಕೇ. ಚಿಕನ್‌ಗುನ್ಯಾ ಬೇರೆ ಕುಟುಂಬದ್ದು, ಅಲ್ಲಿ ಈ ತಲೆನೋವು ಕಡಿಮೆ.

ಗೊಂದಲ ಬಿಡಿಸಲು ಪಿಆರ್‌ಎನ್‌ಟಿ ಇದೆ. ಜೀವಂತ ವೈರಸ್ ಜೊತೆ ರೋಗಿಯ ಸೀರಂ (ಹೆಪ್ಪುಗಟ್ಟಿದ ರಕ್ತದ ಮೇಲೆ ನಿಲ್ಲುವ ತಿಳಿ) ಸೇರಿಸಿ, ಅದು ಯಾವ ವೈರಸ್ಸನ್ನು ಹೆಚ್ಚು ತಡೆಯುತ್ತದೆ ಅಂತ ಎಣಿಸಿ ನೋಡುವ ಪರೀಕ್ಷೆ. ದಿನಗಟ್ಟಲೆ ಹಿಡಿಯುತ್ತದೆ, ಎಲ್ಲ ಲ್ಯಾಬ್‌ನಲ್ಲೂ ಆಗುವುದಿಲ್ಲ, ಹಿಂದೆ ಬೇರೆ ಫ್ಲೇವಿವೈರಸ್ ತಗುಲಿದವರಲ್ಲಿ ಅದೂ ಕೆಲವೊಮ್ಮೆ ಕೈಕೊಡುತ್ತದೆ. ನನ್ನನ್ನು ಕೇಳಿದರೆ ಎರಡು-ಮೂರು ವಾರ ಬಿಟ್ಟು ತೆಗೆದ ಎರಡನೇ ಸ್ಯಾಂಪಲ್‌ನಷ್ಟು ಉಪಕಾರಿ ಬೇರೆ ಯಾವುದೂ ಇಲ್ಲ. ಎರಡನ್ನೂ ಒಂದೇ ಸಲ, ಅಕ್ಕಪಕ್ಕ ಇಟ್ಟು ಮಾಡಬೇಕು. ಆಂಟಿಬಾಡಿ ಪ್ರಮಾಣ ನಾಲ್ಕು ಪಟ್ಟು ಏರಿದ್ದರೆ ಈಚಿನ ಸೋಂಕು ಅಂತ ಧೈರ್ಯವಾಗಿ ಹೇಳಬಹುದು. ಮೊದಲ ಟ್ಯೂಬನ್ನು ಅದಕ್ಕೇ ಬಿಸಾಡಬೇಡ ಅನ್ನುವುದು. ಜ್ವರ ಬಿಟ್ಟವರು ಮತ್ತೆ ರಕ್ತ ಕೊಡಲು ಬರುವುದು ಅಪರೂಪ, ಅದು ಬೇರೆ ಮಾತು.

ಐಜಿಎಂ ಇದ್ದರೆ ಸೋಂಕು ಹೊಸದು ಅನ್ನುವುದೂ ಪೂರ್ತಿ ನಿಜವಲ್ಲ. ಜೀಕಾದಲ್ಲಿ ಅದು ತಿಂಗಳುಗಟ್ಟಲೆ ಉಳಿಯಬಹುದು. ಗರ್ಭಿಣಿಯ ಐಜಿಎಂ ಪಾಸಿಟಿವ್ ಬಂದರೆ, ಸೋಂಕು ತಗುಲಿದ್ದು ಬಸಿರಾದ ಮೇಲೋ ಮೊದಲೋ ಅಂತ ಅದೊಂದರಿಂದ ಹೇಳಲಾಗುವುದಿಲ್ಲ. ಆ ವರದಿಗೆ ಸಹಿ ಹಾಕುವ ಮೊದಲು ಹಿರಿಯರ ಹತ್ತಿರ ಕೂತು ಮಾತಾಡು. ಜೀಕಾಕ್ಕೆ ರಕ್ತದ ಜೊತೆ ಮೂತ್ರವನ್ನೂ ಕೇಳು. ರಕ್ತದಲ್ಲಿ ಕಾಣದ ಆರ್‌ಎನ್‌ಎ ಎಷ್ಟೋ ಸಲ ಮೂತ್ರದಲ್ಲಿ ಇನ್ನೂ ಸಿಗುತ್ತದೆ.

ಮೆದುಳಿಗೆ ಹತ್ತುವ ವೈರಸ್‌ಗಳಲ್ಲಿ ರೋಗಿ ಆಸ್ಪತ್ರೆಗೆ ಬರುವಷ್ಟರಲ್ಲಿ ರಕ್ತದ ಪಿಸಿಆರ್ ಸಾಮಾನ್ಯವಾಗಿ ಸುಮ್ಮನಾಗಿರುತ್ತದೆ. ವೆಸ್ಟ್ ನೈಲ್, ಜಪಾನೀಸ್ ಮೆದುಳು ಜ್ವರಗಳಿಗೆ ಬೆನ್ನಿನಿಂದ ತೆಗೆದ ನೀರಿನಲ್ಲಿ ಐಜಿಎಂ ನೋಡಬೇಕು. ಆ ನೀರು ಬರುವುದೇ ಕೆಲವು ಹನಿ. ಯಾವ ಪರೀಕ್ಷೆಗೆ ಎಷ್ಟು ಅಂತ ಮೊದಲೇ ಲೆಕ್ಕ ಹಾಕಿಕೊಂಡು ಆಮೇಲೆ ಮುಚ್ಚಳ ತೆಗೆ. ಟಿಕ್-ಬೋರ್ನ್ ಎನ್ಸೆಫಲೈಟಿಸ್ ಬಹಳ ಜನರಲ್ಲಿ ಎರಡು ಸಲ ಬರುತ್ತದೆ. ಮೊದಲು ಸಾಮಾನ್ಯ ಜ್ವರ, ಬಿಟ್ಟು ಕೆಲವು ದಿನ ಆರಾಮ, ಆಮೇಲೆ ತಲೆಗೆ. 'ಜ್ವರ ಯಾವಾಗ ಶುರುವಾಯಿತು' ಅಂದರೆ ರೋಗಿ ಎರಡನೇ ಜ್ವರದ ದಿನವನ್ನೇ ಹೇಳುತ್ತಾನೆ. 'ಅದಕ್ಕೂ ಮೊದಲು ಮೈ ಬಿಸಿ ಇತ್ತಾ?' ಅಂತ ಕೇಳಿಸು. ಉಣ್ಣೆ ಕಚ್ಚಿಲ್ಲ ಅಂದರೆ ನಂಬಿ ಕೂರಬೇಡ, ಮರಿ ಉಣ್ಣೆ ಕಚ್ಚಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ಕಿತ್ತ ಉಣ್ಣೆಯನ್ನು ಡಬ್ಬಿಯಲ್ಲಿ ಹಾಕಿ ತಂದು 'ಇದನ್ನೇ ಪರೀಕ್ಷೆ ಮಾಡಿ' ಅನ್ನುವವರೂ ಬರುತ್ತಾರೆ. ಉಣ್ಣೆಯಲ್ಲಿ ವೈರಸ್ ಇದ್ದರೆ ಮನುಷ್ಯನಿಗೆ ತಗುಲಿದೆ ಅಂತ ಅಲ್ಲ.

ಸ್ಯಾಂಪಲ್ ಬಗ್ಗೆ ನಿನಗೆ ಪಾಠ ಆಗಿರುತ್ತದೆ, ಚಿಕ್ಕದಾಗಿ ಹೇಳುತ್ತೇನೆ. ಪಿಸಿಆರ್‌ಗೆ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಹಾಕಿದ ಟ್ಯೂಬ್ ಬೇಡ. ಸೀರಂ ಬೇರೆ ಮಾಡದೆ ರಕ್ತವನ್ನು ಹಾಗೇ ಫ್ರೀಜರ್‌ಗೆ ತಳ್ಳಿದರೆ ಕಣ ಒಡೆದು ಎಲ್ಲ ಕೆಂಪಾಗುತ್ತದೆ, ಮತ್ತೆ ಏನೂ ಮಾಡಲಾಗದು. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಆರ್‌ಎನ್‌ಎ ಹಾಳು. ಮೊದಲ ದಿನವೇ ಚಿಕ್ಕ ಚಿಕ್ಕ ಪಾಲು ಮಾಡಿಡು.

ಒಂದು ವಿಷಯದಲ್ಲಿ ಮಾತ್ರ ಯಾರ ಮುಲಾಜೂ ನೋಡಬೇಡ. ಫಾರ್ಮ್‌ನಲ್ಲಿ ಜ್ವರ, ರಕ್ತಸ್ರಾವ, ಉಣ್ಣೆ ಕಚ್ಚಿದ್ದು ಅಥವಾ ದನ-ಕುರಿ ಕೊಯ್ಯುವ ಕೆಲಸ ಅಂತ ಇದ್ದರೆ, ಕ್ರಿಮಿಯನ್-ಕಾಂಗೋ ಜ್ವರ ಇರಬಹುದು ಅಂತ ತಿಳಿದು ಅಲ್ಲೇ ನಿಲ್ಲು. ಅದು ರಕ್ತದಿಂದ ಆಸ್ಪತ್ರೆಯವರಿಗೂ ಲ್ಯಾಬಿನವರಿಗೂ ಹರಡಿದ್ದಿದೆ. ಆ ವೈರಸ್ ಬೆಳೆಸುವ ಕೆಲಸ ಅತಿ ಹೆಚ್ಚು ಭದ್ರತೆಯ, ನಾಲ್ಕನೇ ಹಂತದ ಲ್ಯಾಬಿನದು. ತೀರಾ ಕೆಟ್ಟ ಸ್ಥಿತಿಯ ರೋಗಿಗಳಲ್ಲಿ ಆಂಟಿಬಾಡಿ ಹುಟ್ಟದೇ ಇರಬಹುದು, ಹಾಗಾಗಿ ಎಲೈಸಾ ನೆಚ್ಚಿಕೊಂಡು 'ಇಲ್ಲ' ಅನ್ನಬೇಡ, ಪಿಸಿಆರ್ ಆಗಲೇಬೇಕು. ಟ್ಯೂಬ್ ತೆರೆಯುವ ಮೊದಲು ಮೇಲಿನವರಿಗೆ ಫೋನ್ ಮಾಡು. ವರದಿ ಬೇಗ ಬೇಕು ಅಂತ ಯಾರು ಎಷ್ಟೇ ಅವಸರ ಮಾಡಿದರೂ, ಮೇಲಿನವರು ಹೇಳುವ ತನಕ ಮುಚ್ಚಳಕ್ಕೆ ಕೈ ಹಾಕಬೇಡ.

ಇಂತಿ ನಿನ್ನ,
ದೊಡ್ಡಮ್ಮ