ಬೇಸ್ ಗಿಟಾರ್ ನುಡಿಸಿದವರ ಹೆಸರನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಎಂಬತ್ತರ ದಶಕದ ಕನ್ನಡ ಹಾಡುಗಳ ಬಗ್ಗೆ ಬಂದ ಲೇಖನ ಓದಿ ಖುಷಿಯಾಯಿತು. ‘ಗೀತಾ’ (1981) ಚಿತ್ರದ ‘ಜೊತೆಯಲಿ ಜೊತೆ ಜೊತೆಯಲಿ’ ಹಾಡಿಗೆ ಒಂದಿಡೀ ಪ್ಯಾರಾ ಕೊಟ್ಟಿದ್ದೀರಿ. ಎಸ್‌ಪಿಬಿ, ಜಾನಕಿಯಮ್ಮ, ಇಳಯರಾಜ, ಶಂಕರ್‌ನಾಗ್, ಎಲ್ಲರೂ ಅದರಲ್ಲಿದ್ದಾರೆ. ಆ ಹಾಡಿನಲ್ಲಿ ಕೆಳಗಿನ ದಪ್ಪ ಸ್ವರಗಳನ್ನು ನುಡಿಸುವ ಬೇಸ್ ಗಿಟಾರ್ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ಅದಕ್ಕೇ ಈ ಪತ್ರ.

ನಾನು ಮಂಡ್ಯದಲ್ಲಿ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವವನು. ಮದುವೆ, ಊರಹಬ್ಬ, ಗಣೇಶನ ಕಾರ್ಯಕ್ರಮ ಎಲ್ಲೇ ಇರಲಿ, ಹಾಡು, ವಾದ್ಯಗಳ ಸದ್ದನ್ನು ಹೊಂದಿಸುವ ಮಿಕ್ಸರ್ ಮುಂದೆ ಕೂರುವುದೇ ನನ್ನ ಕೆಲಸ. ಆ ಹಾಡನ್ನು ಒಳ್ಳೆಯ ಹೆಡ್‌ಫೋನ್‌ನಲ್ಲಿ ಒಮ್ಮೆ ಕೇಳಿ. ಹಾಡುವವರ ದನಿಯನ್ನು ಪಕ್ಕಕ್ಕಿಟ್ಟು ಕೆಳಗೆ ಕಿವಿಗೊಡಿ. ಅಲ್ಲಿ ಬೇಸ್ ಸುಮ್ನೆ ತಾಳಕ್ಕೆ ತಕ್ಕಂತೆ ಬಡಿಯುತ್ತಾ ಕೂತಿಲ್ಲ. ಪಲ್ಲವಿ ಒಂದು ದಾರಿಯಲ್ಲಿ ಹೋದರೆ ಅದು ತನ್ನದೇ ರಾಗ ಹಿಡಿದು ಇನ್ನೊಂದು ದಾರಿಯಲ್ಲಿ ಹೋಗಿ, ಸರಿಯಾದ ಜಾಗದಲ್ಲಿ ಬಂದು ಕೂಡಿಕೊಳ್ಳುತ್ತದೆ. ‘ಪಲ್ಲವಿ ಅನುಪಲ್ಲವಿ’ (1983) ಚಿತ್ರದ ‘ನಗುವ ನಯನ’ ಕೇಳುವಾಗಲೂ ಹೀಗೇ ಕೆಳಗೆ ಗಮನ ಕೊಡಿ. ಇದೇ ಹಾಡುಗಳನ್ನು ಫೋನ್ ಸ್ಪೀಕರ್‌ನಲ್ಲಿ ಕೇಳಿದರೆ ಇದರಲ್ಲಿ ಅರ್ಧವೂ ಸಿಗುವುದಿಲ್ಲ. ಬೇಸ್ ಗಿಟಾರಿನ ದಪ್ಪ ತಂತಿಯನ್ನು ಹಾಗೇ ಮೀಟಿದರೆ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ಸ್ವರವನ್ನು ಹೊರಡಿಸುವ ಶಕ್ತಿ ಫೋನಿನ ಪುಟ್ಟ ಸ್ಪೀಕರ್‌ಗೆ ಎಲ್ಲಿಂದ ಬರಬೇಕು?

ಹೊರಗಿನ ಸಂಗೀತದಲ್ಲಿ ಬೇಸ್‌ನಿಂದಲೇ ಗುರುತು ಸಿಗುವ ಹಾಡುಗಳು ಎಷ್ಟೋ ಇವೆ. ಮೈಕೆಲ್ ಜಾಕ್ಸನ್‌ನ ‘ಬಿಲ್ಲಿ ಜೀನ್’ ಶುರುವಾದಾಗ ಅವನ ದನಿ ಬರುವುದಕ್ಕೆ ಸುಮಾರು ಅರ್ಧ ನಿಮಿಷ ಬೇಕು. ಅಷ್ಟರೊಳಗೆ ಡ್ರಮ್ಮೂ ಬೇಸೂ ಸೇರಿ ಜನರನ್ನು ಎಬ್ಬಿಸಿಬಿಟ್ಟಿರುತ್ತವೆ. ಕ್ವೀನ್ ತಂಡದ ‘ಅನದರ್ ಒನ್ ಬೈಟ್ಸ್ ದ ಡಸ್ಟ್’ (1980) ಬರೆದವನೇ ಆ ತಂಡದ ಬೇಸ್ ಗಿಟಾರಿಸ್ಟ್ ಜಾನ್ ಡೀಕನ್. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪಿಂಕ್ ಫ್ಲಾಯ್ಡ್ ತಂಡದ ‘ಮನಿ’ (1973). ಅದರ ಬೇಸ್ ಏಳು ಎಣಿಕೆಯಲ್ಲಿ ಸುತ್ತುತ್ತದೆ. ಮೈಸೂರಿನಲ್ಲಿ ಮೃದಂಗ ನುಡಿಸುವ ಗೆಳೆಯನಿಗೆ ಅದನ್ನು ಕೇಳಿಸಿದೆ. ಅವನು ಪಕ್ಕವಾದ್ಯಕ್ಕೆ ಕೂತವನ ಹಾಗೆ ತೊಡೆ ಮೇಲೆ ‘ತಕಿಟ ತಕಧಿಮಿ’ ಹಾಕತೊಡಗಿದ. ‘ಇದು ನಮ್ಮ ಮಿಶ್ರಛಾಪು ಕಣೋ’ ಅಂದ. ಆಮೇಲೆ ಮಧ್ಯದಲ್ಲಿ ಎಣಿಕೆ ನಾಲ್ಕಕ್ಕೆ ತಿರುಗಿ, ಗಿಟಾರ್ ಒಂದೇ ಸಮನೆ ಹರಿಯತೊಡಗಿದಾಗ ಕಣ್ಣು ಬಿಟ್ಟು ನನ್ನ ಮುಖ ನೋಡಿದ. ಆ ಸಂಜೆ ನಾವಿಬ್ಬರೂ ಬೇರೆ ಹಾಡನ್ನೇ ಹಾಕಲಿಲ್ಲ.

ಹೆಸರಿನ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಜೇಮ್ಸ್ ಜೇಮರ್ಸನ್ ಎಂಬಾತ ಬಲಗೈಯ ಒಂದೇ ಬೆರಳಿನಲ್ಲಿ ಬೇಸ್ ಮೀಟುತ್ತಿದ್ದ. ಅರವತ್ತರ ದಶಕದಲ್ಲಿ ಮೋಟೌನ್ ರೆಕಾರ್ಡ್ ಕಂಪನಿಯ ಎಷ್ಟೋ ಹಿಟ್ ಹಾಡುಗಳಲ್ಲಿ ಇರುವುದು ಅವನ ಕೈ. ವರ್ಷಗಟ್ಟಲೆ ರೆಕಾರ್ಡಿನ ಹೊದಿಕೆ ಮೇಲೆ ಅವನ ಹೆಸರೇ ಇರಲಿಲ್ಲ. ಮಾರ್ವಿನ್ ಗೇ ಹಾಡಿದ 1971ರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಂನಲ್ಲಿ ಅದು ಅಚ್ಚಾಯಿತು. ನಮ್ಮಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಇಳಯರಾಜ ತಂಡದ ಶಶಿಧರನ್, ರೆಹಮಾನ್ ಜೊತೆ ನುಡಿಸಿದ ಕೀತ್ ಪೀಟರ್ಸ್, ಆರ್.ಡಿ. ಬರ್ಮನ್ ಜೊತೆಗಿದ್ದ ಟೋನಿ ವಾಜ್ ಅಂದರೆ ಎಷ್ಟು ಜನ ತಲೆ ಆಡಿಸುತ್ತಾರೆ? ಇವರು ನುಡಿಸಿದ್ದನ್ನು ಮಾತ್ರ ಎಲ್ಲರೂ ಗುನುಗುತ್ತಾರೆ.

ಇನ್ನು ನಮ್ಮ ಜಿಲ್ಲೆಯ ವೇದಿಕೆಗಳು. ಖರ್ಚು ಕಡಿಮೆ ಮಾಡಬೇಕು ಅಂದಾಗ ಆರ್ಕೆಸ್ಟ್ರಾದಿಂದ ಮೊದಲು ಹೋಗುವವನು ಬೇಸ್ ಗಿಟಾರ್‌ನವನು. ‘ಬೇಸ್ ನುಡಿಸೋಕೆ ಕೀಬೋರ್ಡ್‌ನವರ ಎಡಗೈ ಇದೆಯಲ್ಲಾ, ಸಾಕು ಬಿಡಿ’ ಅನ್ನುತ್ತಾರೆ. ಆಮೇಲೆ ನನ್ನ ಹತ್ತಿರ ಬಂದು ‘ಅಣ್ಣ, ಬೇಸ್ ಜಾಸ್ತಿ ಕೊಡಣ್ಣೋ, ಎದೆ ಗುಂ ಅನ್ಬೇಕು’ ಅಂತ ಹುಡುಗರ ಬೇಡಿಕೆ. ಅವರ ಖುಷಿ ನನಗೆ ಅರ್ಥವಾಗುತ್ತದೆ. ಆದರೆ ಮಿಕ್ಸರ್‌ನಲ್ಲಿ ಕೆಳಗಿನ ಸ್ವರಗಳನ್ನು ಏರಿಸುವ ಲೋ ನಾಬ್ ಪೂರ್ತಿ ತಿರುಗಿಸಿದರೆ, ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ ಎಲ್ಲವನ್ನೂ ನುಂಗಿಹಾಕುತ್ತದೆ. ಆಗ ಬೇಸ್‌ನವನು ಯಾವ ಸ್ವರ ನುಡಿಸಿದರೂ ಕೇಳುವುದು ಒಂದೇ ಗುಂ. ನಾನು ಲೋ ಸ್ವಲ್ಪ ಇಳಿಸಿ, ಬೇಸ್ ಚಾನೆಲ್‌ನಲ್ಲಿ ಮಿಡ್, ಅಂದರೆ ಸೆಕೆಂಡಿಗೆ ಎಂಟುನೂರು ಕಂಪನದ (ಹರ್ಟ್ಸ್) ಆಸುಪಾಸಿನ ನಡುವಿನ ಸದ್ದನ್ನು ಎತ್ತುತ್ತೇನೆ. ತಂತಿಗೆ ಬೆರಳು ತಾಗುವ ಸದ್ದು ಅಲ್ಲೇ ಇರುವುದು. ಅದು ಎದ್ದ ಕೂಡಲೇ ಹಿಂದಿನ ಸಾಲಿನವರಿಗೂ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ.

ಹೋದ ವರ್ಷ ಮದ್ದೂರು ಕಡೆಯ ಒಂದು ಹಳ್ಳಿಯಲ್ಲಿ ಸಮಿತಿಯವರು ಬೇಸ್ ಗಿಟಾರ್ ಇರುವ ತಂಡವನ್ನೇ ಕರೆಸಿದ್ದರು. ‘ಜೊತೆಯಲಿ’ ಶುರುವಾದಾಗ ಮುಂದೆ ಕೂತಿದ್ದ ಹೆಂಗಸರು, ಮಕ್ಕಳು ಎಲ್ಲರೂ ತೂಗತೊಡಗಿದರು. ಕುಣಿಯಲು ಬಂದಿದ್ದ ಹುಡುಗರು ನಿಂತು ಕೇಳಿದರು. ಹಾಡು ಮುಗಿದ ಮೇಲೆ ಗಾಯಕರಿಗೆ ಶಾಲು ಹೊದಿಸಿದರು. ಬೇಸ್ ನುಡಿಸಿದ ಹುಡುಗ ಕೇಬಲ್ ಸುತ್ತುತ್ತಾ ಹಿಂದೆ ನಿಂತಿದ್ದ. ನನಗೆ ತುಂಬಾ ಬೇಜಾರಾಯಿತು.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಹಾಡಿನ ಬಗ್ಗೆ ಬರೆಯುವಾಗ ಅದರಲ್ಲಿ ನುಡಿಸಿದವರ ಹೆಸರೂ ಹುಡುಕಿ ಹಾಕಿ. ಹಳಬರು ಇನ್ನೂ ಇದ್ದಾರೆ, ಕೇಳಿದರೆ ಹೇಳುತ್ತಾರೆ. ಗಣೇಶನನ್ನು ಕೂರಿಸುವ ಸಮಿತಿಯವರೂ ಈ ಸಲ ಆರ್ಕೆಸ್ಟ್ರಾ ಬುಕ್ ಮಾಡುವಾಗ ‘ಬೇಸ್ ಗಿಟಾರ್ ಇದ್ಯಾ?’ ಅಂತ ಒಂದು ಮಾತು ಕೇಳಲಿ. ಇದ್ದರೆ, ಅದಕ್ಕೆ ಬೇಕಾದ ಆಂಪ್ಲಿಫೈಯರ್ ಬಾಡಿಗೆಯನ್ನು ನಾನು ಬಿಲ್‌ಗೆ ಸೇರಿಸುವುದಿಲ್ಲ.

ಇಂತಿ,
ನಿಮ್ಮ ಓದುಗ,
ಗುತ್ತಲು, ಮಂಡ್ಯ