ಎರಡು ಸಾವಿರ ಅಬ್‌ಸ್ಟ್ರಾಕ್ಟುಗಳ ಮುಂದೆ ಕೂತವಳಿಗೆ

ಚಿ. ಪುಟ್ಟಿಗೆ ಆಶೀರ್ವಾದಗಳು.

ನಿನ್ನ ಪತ್ರ ಓದಿ ನಗು ಬಂತು. ಗೈಡು ಸಿಸ್ಟಮ್ಯಾಟಿಕ್ ರಿವ್ಯೂ ಮಾಡು, ಅಂದರೆ ಒಂದು ಪ್ರಶ್ನೆಯ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಕ್ರಮವಾಗಿ ಹುಡುಕಿ ಒಟ್ಟಿಗಿಟ್ಟು ತೂಗು ಅಂದಿದ್ದಾರೆ, ಪ್ರಬಂಧಗಳ ಸಾರಾಂಶಗಳನ್ನು, ಎರಡು ಸಾವಿರ ಅಬ್‌ಸ್ಟ್ರಾಕ್ಟ್ ಸೋಸಬೇಕು, ನೀನು ಓದಿದ್ದನ್ನೇ ಇನ್ನೊಬ್ಬಳೂ ಓದುತ್ತಾಳೆ, "ಡಾಕ್ಟರಿಕೆ ಕಲಿಯಲು ಬಂದು ಗುಮಾಸ್ತಳಾದೆ ದೊಡ್ಡಪ್ಪ" ಅಂತ ಗೊಣಗಿದ್ದೀಯ. ಗುಮಾಸ್ತಿಕೆಯೇ, ಅಲ್ಲ ಅನ್ನೋಲ್ಲ. ಆದರೆ ಅದನ್ನು ಸಕಾಲಕ್ಕೆ ಯಾರೂ ಮಾಡದೆ ಹೋದದ್ದಕ್ಕೆ ಹಸುಗೂಸುಗಳು ಜೀವ ತೆತ್ತಿವೆ.

ಇಂಥ ರಿವ್ಯೂಗಳನ್ನೇ ಮಾಡುವ ಕಾಕ್ರೇನ್ ಸಂಸ್ಥೆಯ ಲಾಂಛನ ನೋಡಿದ್ದೀಯಲ್ಲ, ವೃತ್ತದೊಳಗಿನ ಆ ಅಡ್ಡಗೆರೆಗಳು ಅಲಂಕಾರಕ್ಕಲ್ಲ. ಒಂದೊಂದು ಗೆರೆಯೂ ಒಂದೊಂದು ಟ್ರಯಲ್, ರೋಗಿಗಳ ಮೇಲೆ ಚಿಕಿತ್ಸೆಯನ್ನು ಪರೀಕ್ಷಿಸಿ ನೋಡಿದ ಪ್ರಯೋಗ. ದಿನ ತುಂಬುವ ಮೊದಲೇ ಹೆರುವ ಸಂಭವವಿರುವ ತಾಯಿಗೆ ಸ್ಟೀರಾಯ್ಡ್ ಕೊಟ್ಟರೆ ಕೂಸಿನ ಶ್ವಾಸಕೋಶ ಬಲಿಯುತ್ತದೆ, ಕೂಸು ಉಳಿಯುತ್ತದೆ ಎಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲೇ ಬರೆದಿದ್ದರು. ಆಮೇಲಿನ ಟ್ರಯಲ್‌ಗಳಲ್ಲಿ ಹಲವು ಚಿಕ್ಕವು. ಒಂಟಿಯಾಗಿ ನೋಡಿದರೆ ಹೌದೆನ್ನಲೂ ಆಗದು, ಇಲ್ಲವೆನ್ನಲೂ ಆಗದು. ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದ ರಿವ್ಯೂ ಅಚ್ಚಾದದ್ದು 1989ರಲ್ಲಿ. ಅಲ್ಲಿಯವರೆಗೆ ಬಹುತೇಕ ಹೆರಿಗೆ ವೈದ್ಯರಿಗೆ ಆ ಚಿಕಿತ್ಸೆಯ ಗುಣ ಮನವರಿಕೆಯಾಗಿರಲಿಲ್ಲ. ಉತ್ತರ ಕಪಾಟುಗಳಲ್ಲೇ ಇತ್ತು, ಚದುರಿ ಬಿದ್ದಿತ್ತು ಅಷ್ಟೆ.

ಇನ್ನು ಒಂದನ್ನೇ ಇಬ್ಬರು ಯಾಕೆ ಓದಬೇಕು ಅಂತ ಕೇಳಿದ್ದೀಯ. ನನ್ನದೇ ಎಡವಟ್ಟು ಹೇಳುತ್ತೇನೆ. ಮೊದಲ ರಿವ್ಯೂನಲ್ಲಿ ಒಂದು ಔಷಧದ ಟ್ರಯಲ್‌ಗಳನ್ನು ನಾನೇ ಆರಿಸಿ ಲೆಕ್ಕ ಹಾಕಿ ಹಿಗ್ಗಿದ್ದೆ. ನನಗಿಂತ ಹತ್ತು ವರ್ಷ ಕಿರಿಯಳಾದ ಸಹಾಯಕಿ ಎರಡು ಪ್ರಬಂಧಗಳನ್ನು ಪಕ್ಕಪಕ್ಕ ಇಟ್ಟು, "ಸರ್, ಈ ಎರಡೂ ಊರಿನ ರೋಗಿಗಳ ಸರಾಸರಿ ವಯಸ್ಸು ದಶಾಂಶದವರೆಗೂ ಒಂದೇನಾ?" ಅಂದಳು. ಪತ್ರಿಕೆ ಬೇರೆ, ಲೇಖಕರ ಹೆಸರಿನ ಕ್ರಮ ಬೇರೆ, ಹೆಂಗಸರ ಸಂಖ್ಯೆ, ತೂಕ ಎಲ್ಲ ಪಡಿಯಚ್ಚು. ಅದೇ ರೋಗಿಗಳನ್ನು ನಾನು ಎರಡು ಸಲ ಎಣಿಸಿದ್ದೆ. ಮುಖ ಸಣ್ಣಗಾಯಿತು. ನಾನೊಬ್ಬನೇ ಅಲ್ಲ ಅನ್ನೋದು ಆಮೇಲೆ ತಿಳಿಯಿತು: ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಬಗ್ಗೆ ಟ್ರಾಮರ್ ಮತ್ತು ಸಂಗಡಿಗರು 1997ರಲ್ಲಿ ಇಂಥ ನಕಲುಗಳನ್ನು ಹೆಕ್ಕಿದರು. ಅವನ್ನೂ ಸೇರಿಸಿ ಎಣಿಸಿದರೆ ಔಷಧದ ಗುಣ ಶೇ. 23ರಷ್ಟು ಉಬ್ಬಿ ಕಾಣುತ್ತಿತ್ತು.

ಎರಡು ಸಲ ಅಚ್ಚಾದದ್ದಕ್ಕಿಂತ ಅಚ್ಚೇ ಆಗದ್ದು ಕಷ್ಟ. ಫ್ಲೂ ಜ್ವರಕ್ಕೆ ಕೊಡುವ ಟಾಮಿಫ್ಲೂ ಔಷಧದ ಕಥೆ ನಿನಗೆ ಪಾಠದಲ್ಲಿ ಬಂದಿದೆಯೋ ಇಲ್ಲವೋ. ಜ್ವರದ ತೊಡಕುಗಳನ್ನು ಅದು ತಗ್ಗಿಸುತ್ತದೆ ಅನ್ನೋ ಮಾತು ನಿಂತಿದ್ದದ್ದು ಹತ್ತು ಟ್ರಯಲ್‌ಗಳನ್ನು ಕೂಡಿಸಿದ ಒಂದು ಪ್ರಬಂಧದ ಮೇಲೆ. ಹತ್ತರಲ್ಲಿ ಪೂರ್ತಿ ಪ್ರಕಟವಾದವು ಎರಡೇ. ಉಳಿದ ಎಂಟನ್ನು ನೋಡಿದವರು ಯಾರು ಅಂತ 2009ರಲ್ಲಿ ಕೇಳಿದವರು ಜಪಾನಿನ ಮಕ್ಕಳ ವೈದ್ಯ ಕೆಯಿಜಿ ಹಯಾಶಿ. ಕಾಕ್ರೇನ್‌ನವರು ಪಟ್ಟುಬಿಡದೆ ಕೇಳಿ, ಸಾವಿರಾರು ಪುಟಗಳ ಮೂಲ ವರದಿ ತರಿಸಿಕೊಂಡು 2014ರಲ್ಲಿ ಮತ್ತೆ ಬರೆದರು: ದೊಡ್ಡವರಲ್ಲಿ ಜ್ವರದ ಲಕ್ಷಣ 7 ದಿನ ಇರುವಲ್ಲಿ 6.3 ದಿನಕ್ಕೆ ಇಳಿಯುತ್ತದೆ, ಆಸ್ಪತ್ರೆ ಸೇರುವುದು ತಪ್ಪುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ, ವಾಕರಿಕೆ-ವಾಂತಿ ಹೆಚ್ಚು. ಅಷ್ಟರಲ್ಲಿ ಸರ್ಕಾರಗಳು ಅದನ್ನು ಗೋದಾಮು ತುಂಬ ಕೊಂಡಿಟ್ಟಾಗಿತ್ತು. ಹಾಗಾಗಿ ಪತ್ರಿಕೆಗಳನ್ನಷ್ಟೇ ಜಾಲಾಡಬೇಡ, ಟ್ರಯಲ್ ನೋಂದಣಿಗಳನ್ನೂ ತೆಗೆದು ನೋಡು. ಟ್ರಯಲ್ ನೋಂದಾಯಿಸಿ ಫಲಿತಾಂಶ ಪ್ರಕಟಿಸದೆ ಮಾಯವಾದವರಿಗೆ ಕಾಗದ ಬರೆ. ಹತ್ತರಲ್ಲಿ ಒಬ್ಬರು ಉತ್ತರಿಸಿದರೂ ಲಾಭವೇ.

ಪ್ರೋಟೋಕಾಲ್, ಅಂದರೆ ರಿವ್ಯೂ ಹೇಗೆ ಮಾಡುತ್ತೀಯ ಅನ್ನೋ ಯೋಜನೆ, ಆಮೇಲೆ ಬರೆದರಾಗದೇ ಅಂದೆಯಲ್ಲ, ಅದೊಂದು ಮಾತಿಗೆ ನನಗೆ ಸಿಟ್ಟು ಬಂತು. ಮದುವೆ ಮುಗಿಸಿ ಜಾತಕ ಕೂಡಿಸಿದ ಹಾಗಾಯಿತು ಅದು. ಯಾವ ರೋಗಿ, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಕೆ, ಏನನ್ನು ಅಳೆಯುತ್ತೀಯ ಅನ್ನೋದನ್ನು ಫಲಿತಾಂಶ ಕಾಣುವ ಮೊದಲೇ ಬರೆದು, ರಿವ್ಯೂಗಳ ನೋಂದಣಿ ಪಟ್ಟಿಯಾದ ಪ್ರಾಸ್ಪೆರೋದಲ್ಲಿ ನೋಂದಾಯಿಸು. ಇಲ್ಲವಾದರೆ ಇಷ್ಟವಿಲ್ಲದ ಟ್ರಯಲ್ ಹೊರಗಿಡಲು ನಿನ್ನ ಮನಸ್ಸೇ ನೆಪ ಹುಡುಕುತ್ತದೆ, ನಿನಗೆ ಗೊತ್ತೂ ಆಗೋದಿಲ್ಲ.

ಮೆಟಾ ಅನಾಲಿಸಿಸ್‌ಗೆ, ಅಂದರೆ ಎಲ್ಲ ಟ್ರಯಲ್‌ಗಳ ಅಂಕಿಗಳನ್ನು ಕೂಡಿಸಿ ಒಂದೇ ಉತ್ತರ ತೆಗೆಯೋದಕ್ಕೆ, ಅವಸರ ಬೇಡ. ಕೂಡಿಸೋದು ಕಂಪ್ಯೂಟರ್ ಮಾಡುತ್ತದೆ, ಕೂಡಿಸಬಹುದೋ ಇಲ್ಲವೋ ಅನ್ನೋದನ್ನು ನೀನೇ ಹೇಳಬೇಕು. ಪುರಾವೆ ಸಾಲದೆ ಹೋದರೆ 'ಗೊತ್ತಾಗಲಿಲ್ಲ' ಅಂತಲೇ ಬರೆ, 'ಪರಿಣಾಮವಿಲ್ಲ' ಅಂತ ಬರೆಯಬೇಡ.

ಕರಡು ಆದಾಗ ಕಳಿಸು. ಹೊರಗಿಟ್ಟ ಟ್ರಯಲ್‌ಗಳ ಪಟ್ಟಿ, ಕಾರಣಗಳ ಸಮೇತ, ಮೇಲೆಯೇ ಇರಲಿ. ನಾನು ಮೊದಲು ಓದೋದು ಅದನ್ನೇ.

ನಿನ್ನ ದೊಡ್ಡಪ್ಪ