ಗಡ್ಡಿ ಹನುಮಪ್ಪನ ಗುಡಿಯ ಪಡಸಾಲೆಗೆ ಹೊಸ ಮಾಳಿಗೆ (ಛಾವಣಿ): ಹೊಳೆ ಬರುವುದರೊಳಗೆ ಕೈಜೋಡಿಸಿ

ಸಮಸ್ತ ಭಕ್ತಾದಿಗಳಿಗೆ, ಕೃಷ್ಣಾ ಹೊಳೆಯ ನಡುಗಡ್ಡೆಯಾದ ನಮ್ಮ ಗಡ್ಡಿ ಬಿಟ್ಟು ದುಡಿಯಲು ಬೆಂಗಳೂರು, ಪುಣೆ, ಮುಂಬೈ ಸೇರಿರುವ ನಮ್ಮ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಶರಣು ಶರಣಾರ್ಥಿ.

ಹೋದ ಶ್ರಾವಣದಲ್ಲಿ ಏನಾಯಿತೆಂಬುದು ನಿಮ್ಮ ಕಿವಿಗೂ ಬಿದ್ದಿದೆ. ನಾರಾಯಣಪುರದ ಬಸವಸಾಗರ ಅಣೆಕಟ್ಟಿನಿಂದ ನೀರು ಬಿಟ್ಟು ಹೊಳೆಯ ಎರಡೂ ಕವಲು ತುಂಬಿ, ದಾರಿ ಕಡಿದು ಆರನೇ ದಿನ. ತಗ್ಗಿನ ಮನೆಯವರೆಲ್ಲ ಮಕ್ಕಳುಮರಿ ಕಟ್ಟಿಕೊಂಡು ಪಡಸಾಲೆಯಲ್ಲಿ ಮಲಗಿದ್ದರು. ನಡುರಾತ್ರಿ ಬಲಗಡೆಯ ತೊಲೆ ಲಟಕ್ಕನೆ ಮುರಿದು, ನೆನೆದ ಹಾಳುಮಣ್ಣು ಜೋಳದ ಚೀಲಗಳ ಮೇಲೆ ಕುಸಿಯಿತು. ಒಂದು ಮೊಳ ಈಚೆ ಬಾಣಂತಿಯೊಬ್ಬಳು ಕೂಸಿನೊಂದಿಗೆ ಮಲಗಿದ್ದಳು. ಯಾರಿಗೂ ಪೆಟ್ಟಾಗಲಿಲ್ಲ, ಅದು ಹನುಮಪ್ಪನ ಕೃಪೆ. ಬೆಳಗಿನವರೆಗೂ ತಾಡಪತ್ರಿ ಎತ್ತಿ ಹಿಡಿದು ನಿಂತೆವು. ಇವತ್ತಿಗೂ ಆ ಮೂಲೆಯಲ್ಲಿ ನಿಂತರೆ ಗೆದ್ದಲು ತಿಂದ ಕಟ್ಟಿಗೆಯ ಪುಡಿ ಹೆಗಲ ಮೇಲೆ ಉದುರುತ್ತದೆ.

ಈ ಪಡಸಾಲೆಯ ಋಣ ನಮ್ಮೆಲ್ಲರ ಮೇಲಿದೆ. ಶಾಲೆಗೆ ಕಟ್ಟಡವಿಲ್ಲದಾಗ ನಮ್ಮ ತಲೆಮಾರು ಅಕ್ಷರ ತಿದ್ದಿದ್ದು ಇದರ ಕಂಬಕ್ಕೆ ಒರಗಿಕೊಂಡೇ. ಶನಿವಾರದ ಭಜನೆ ಒಂದು ವಾರವೂ ತಪ್ಪಿಲ್ಲ. 2009ರಲ್ಲೂ 2019ರಲ್ಲೂ ಕೃಷ್ಣೆ ಉಕ್ಕಿ ಬಂದಾಗ ಒಲೆ ಹೊತ್ತಿದ್ದು ಇಲ್ಲಿಯೇ. ಯಾರೂ ಹಸಿದು ಮಲಗಲಿಲ್ಲ. ತಿಂಥಣಿ ಮೌನೇಶ್ವರರ ಜಾತ್ರೆಗೆ ಹೊರಟವರು ಹಾದಿಯಲ್ಲಿ ಇಳಿದರೆ, ಹಿಂದೂ ಇರಲಿ ಮುಸಲ್ಮಾನರಿರಲಿ, ರೊಟ್ಟಿ ಪುಂಡಿಪಲ್ಯ ಉಣ್ಣದೆ ಮುಂದೆ ಹೋದದ್ದಿಲ್ಲ.

ನಮ್ಮ ಗಡ್ಡಿಯಂಥ ಜಾಗ ಯಾದಗಿರಿ ಜಿಲ್ಲೆಯಲ್ಲಿ ಹುಡುಕಿದರೂ ಅಪರೂಪ. ಹೊಳೆಯ ಮೇಲ್ಗಡೆ ಛಾಯಾ ಭಗವತಿಯ ಸನ್ನಿಧಿ, ಕೆಳಗಡೆ ಹೊಳೆಯ ಕವಲುಗಳ ನಡುವೆ ಜಲದುರ್ಗದ ಕೋಟೆ. ಅಲ್ಲಿ ಕೃಷ್ಣೆ ಮೂರು ಮೈಲಿಯೊಳಗೆ ಸುಮಾರು 400 ಅಡಿ ಇಳಿಯುತ್ತಾಳೆಂದು ಹಳೆಯ ಗೆಜೆಟಿಯರುಗಳೇ ಬರೆದಿವೆ. ಬೇಸಿಗೆಯಲ್ಲಿ ಬಂದು ನೋಡಿ, ನುಣುಪು ಬಂಡೆಗಳ ಸಂದಿಯಲ್ಲಿ ತಿಳಿನೀರು, ಸಂಜೆಗೆ ಬೆಳ್ಳಕ್ಕಿ ಹಿಂಡು. ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯುವ ಮುಂಚೆ ಹಿರಿಯರು ನೀರಿನ ಬಣ್ಣ ನೋಡಿಯೇ ಹೊಳೆ ಬರುವ ದಿನ ಹೇಳುತ್ತಿದ್ದರಂತೆ. ಈಗ ಗೇಟು ಎತ್ತಿದ್ದೇ ಹೊಳೆ. ಒಣ ಸೋರೆಬುರುಡೆ ನಡುವಿಗೆ ಕಟ್ಟಿಕೊಂಡು ಈಜುವುದು ನಮಗೆ ಆಟವಲ್ಲ. 2013ರಲ್ಲಿ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿ ಹಾಗೆಯೇ ತುಂಬಿದ ಹೊಳೆ ಈಜಿ ಹೆರಿಗೆಗೆ ಹೋದದ್ದು ಪತ್ರಿಕೆಗಳಲ್ಲಿ ಬಂದಾಗ ನಾಡೇ ಬೆರಗಾಯಿತು. ನಮ್ಮ ಹೆಣ್ಣುಮಕ್ಕಳಿಗೆ ಅದರಲ್ಲಿ ಬೆರಗೇನೂ ಕಾಣಲಿಲ್ಲ, ಕಣ್ಣೀರು ಮಾತ್ರ ಬಂತು.

ಇನ್ನು ಕೆಲಸದ ಮಾತು. ಮಣ್ಣಿನ ಮಾಳಿಗೆ ಪೂರ್ತಿ ಇಳಿಸಿ, ಕಬ್ಬಿಣದ ತೊಲೆ ಕೂಡಿಸಿ, ಶಹಾಬಾದಿನ ಪರಸಿ ಕಲ್ಲು ಹಾಸಿ, ಮೇಲೆ ಕಾಂಕ್ರೀಟು ಹಾಕಬೇಕೆಂದು ಹಿರಿಯರೆಲ್ಲ ಕೂತು ತೀರ್ಮಾನಿಸಿದ್ದೇವೆ. ಅಂದಾಜು 7ರಿಂದ 8 ಲಕ್ಷ ಬೇಕು. ಊರಲ್ಲಿ ಮನೆಮನೆ ಪಟ್ಟಿ ಹಾಕಿ 3 ಲಕ್ಷದ ಹತ್ತಿರ ಕೂಡಿಸಿದ್ದೇವೆ. ಕೂಲಿಗೆ ಹೋಗುವ ತಾಯಂದಿರೂ ಎರಡು ದಿನದ ಪಗಾರ ಕೊಟ್ಟಿದ್ದಾರೆ. ಸಿಮೆಂಟು ಪಕ್ಕದ ಕಲಬುರಗಿ ಜಿಲ್ಲೆಯಲ್ಲೇ ತಯಾರಾದರೂ, ದಂಡೆಯಿಂದ ಗಡ್ಡಿಗೆ ಒಂದೊಂದು ಚೀಲವೂ ತಲೆಯ ಮೇಲೇ ಬರಬೇಕು. ಉಸುಕು, ಜಲ್ಲಿ, ಪರಸಿಗೂ ಅದೇ ಪಾಡು. ಕಾರಹುಣ್ಣಿಮೆ ದಾಟಿದರೆ ಗೇಟು ಯಾವಾಗ ಎತ್ತುತ್ತಾರೋ ಹೇಳಲಾಗದು. ಎತ್ತಿದ ಮೇಲೆ ಒಂದು ಬುಟ್ಟಿ ಉಸುಕೂ ದಾಟುವುದಿಲ್ಲ, ಮತ್ತೊಂದು ಮಳೆಗಾಲವನ್ನು ಮುರಿದ ತೊಲೆಯ ಕೆಳಗೇ ಕಳೆಯಬೇಕಾಗುತ್ತದೆ.

ಆದ್ದರಿಂದ ಕಾರಹುಣ್ಣಿಮೆಯ ಒಳಗೆ ನಿಮ್ಮಿಂದ ಆದಷ್ಟು ಕಳಿಸಿಕೊಡಿ. ರೊಕ್ಕವೇ ಆಗಬೇಕೆಂದಿಲ್ಲ, ಹತ್ತು ಚೀಲ ಸಿಮೆಂಟು, ಒಂದು ತೊಲೆ, ನಾಲ್ಕು ದಿನದ ಗೌಂಡಿ ಕೆಲಸ, ಯಾವುದಾದರೂ ಸರಿ. ಪ್ರತಿಯೊಂದಕ್ಕೂ ಪಾವತಿ (ರಸೀದಿ) ಕೊಡುತ್ತೇವೆ, ಲೆಕ್ಕವನ್ನು ಗುಡಿಯ ಬಾಗಿಲಿಗೆ ಹಚ್ಚುತ್ತೇವೆ. ಸಾಮಾನನ್ನು ಕಕ್ಕೇರಾವರೆಗೆ ಮುಟ್ಟಿಸಿದರೆ ಸಾಕು, ಹೊಳೆ ದಾಟಿಸುವ ಹೊಣೆ ನಮ್ಮದು.

ಇಂತಿ ತಮ್ಮ ವಿಶ್ವಾಸಿಗಳು,
ಧರ್ಮಕರ್ತರು ಮತ್ತು ಗುಡಿಯ ಸೇವಾ ಸಮಿತಿಯವರು